ಬಲಗೈ ಉದ್ಯಮಬಾಗಿನದು

ನಿವೃತ್ತರಾಗಿ ಹದಿನಾರು ವರ್ಷವಾದರೂ ವರ್ನಿಯರ್ ಕೈಗೆ ಬಂದರೆ ಅಪ್ಪ ಮತ್ತೆ ಪಾಳಿಗೆ ಹೊರಟವರಂತೆ ಕಾಣುತ್ತಾರೆ. ಆ ಭಾನುವಾರವೂ ಹಾಗೆಯೇ ಆಯಿತು. ಊಟದ ಮೇಜಿನ ಮೇಲೆ ಹಳೆಯ ‘ಸಂಯುಕ್ತ ಕರ್ನಾಟಕ’ದ ಹಾಳೆ ಹಾಸಿ, ನನ್ನ ಎರಡು ಆಟಿಕೆ ಜೆಟ್ ವಿಮಾನಗಳನ್ನು ಅದರ ಮೇಲೆ ಅಕ್ಕಪಕ್ಕ ಮಲಗಿಸಿದರು. ಒಂದು ಬೂದು ಮೈಗೆ ಕೆಂಪು, ನೀಲಿ ಬಳಿದದ್ದು. ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ನೀಲಿ. ಮೂತಿಯಿಂದ ಬಾಲದವರೆಗೆ ಅಳೆದು ಪತ್ರಿಕೆಯ ಅಂಚಿನಲ್ಲಿ ಅಂಕಿ ಬರೆದುಕೊಂಡರು. ರೆಕ್ಕೆ ಅಳೆದರು. ಮತ್ತೊಮ್ಮೆ ಅಳೆದರು. ನಾನು ಚಹಾದ ಕಪ್ಪು ಹಿಡಿದು, ಫಲಿತಾಂಶಕ್ಕೆ ಕಾದ ವಿದ್ಯಾರ್ಥಿನಿಯಂತೆ ನಿಂತಿದ್ದೆ.

“ನೀಲಿಯದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಗಿಡ್ಡವಾಗಿದೆ,” ಎಂದರು. “ಇವೆರಡೂ ಅಣ್ಣತಮ್ಮಂದಿರು ಎಂದೆಯಲ್ಲ? ಅಲ್ಲ. ಇವು ಅಪ್ಪ ಮತ್ತು ಮಗ.”

ನಾನು ಮೋಸಹೋಗಿದ್ದೇನೆ ಎಂಬ ಸುದ್ದಿಯನ್ನು ಇದಕ್ಕಿಂತ ಚೊಕ್ಕವಾಗಿ ಯಾರೂ ಹೇಳಲಾರರು.

ಇವು ಸಾಮಾನ್ಯ ವಿಮಾನಗಳಲ್ಲ. ಎಫ್–15 ಯುದ್ಧವಿಮಾನದ ಮೂತಿಯನ್ನು ಮಡಚಿ, ಬಾಲವನ್ನು ಕಾಲಾಗಿಸಿ, ತೋಳುಗಳಿಗೆ ಮುಷ್ಟಿ ಸಿಕ್ಕಿಸಿದರೆ ರೋಬೋಟ್ ಎದ್ದು ನಿಲ್ಲುತ್ತದೆ. ಬೂದು ಬಣ್ಣದವನ ಹೆಸರು ಸ್ಟಾರ್‌ಸ್ಕ್ರೀಮ್, ನೀಲಿಯವನು ಥಂಡರ್‌ಕ್ರ್ಯಾಕರ್. ಕಪ್ಪು–ನೇರಳೆಯ ಸ್ಕೈವಾರ್ಪ್ ಎಂಬ ಮೂರನೆಯವನೂ ಇದ್ದಾನೆ. 1984ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಮೊದಲ ತಂಡದಲ್ಲೇ ಮೂವರೂ ಇದ್ದರು. ಮೂವರಿಗೂ ಅಚ್ಚು ಒಂದೇ, ಬಣ್ಣ ಮಾತ್ರ ಬೇರೆ. ಮರುವರ್ಷ ಅದೇ ಮೈಗೆ ಬೇರೆ ಬೇರೆ ರೆಕ್ಕೆ ಅಂಟಿಸಿ, ಮೂತಿಯನ್ನು ಶಂಕುವಿನಂತೆ ತಲೆಯ ಮೇಲೆ ನಿಲ್ಲಿಸಿ ಇನ್ನೂ ಮೂವರನ್ನು ಹುಟ್ಟಿಸಿದರು. ಈ ಕತೆ ಹೇಳಿದಾಗ ಅಪ್ಪನಿಗೆ ಎಲ್ಲಿಲ್ಲದ ಖುಷಿ. “ನಾವೂ ಅದನ್ನೇ ಮಾಡುತ್ತಿದ್ದೆವು. ಪಂಪಿನ ಮೈ ಒಂದೇ, ಬಾಯಿ ಮಾತ್ರ ಬಿಡಿ ತುಂಡು. ಗಿರಾಕಿ ಬದಲಾದರೆ ತುಂಡು ಬದಲು.”

ಅಪ್ಪ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದರು. ಬೆಳಗಾವಿಯ ಹೊರಗಿನವರಿಗೆ ನಮ್ಮ ಊರೆಂದರೆ ಕುಂದಾ, ಗಡಿ ವಿವಾದ ಮತ್ತು ಮಳೆ. ಒಳಗಿನವರಿಗೆ ಇದು ಎರಕದ ಊರು. ತಿಲಕವಾಡಿಯ ಮೂರನೆಯ ರೈಲ್ವೆ ಗೇಟು ದಾಟಿ ಖಾನಾಪುರ ರಸ್ತೆಗೆ ಬಿದ್ದರೆ ಸುಟ್ಟ ಮರಳಿನ ವಾಸನೆ ಮೂಗಿಗೆ ಬರುತ್ತದೆ. ಕರಗಿದ ಕಬ್ಬಿಣವನ್ನು ಮರಳಿನ ಪೆಟ್ಟಿಗೆಯೊಳಗಿನ ಪೊಳ್ಳಿಗೆ ಸುರಿದರೆ ಎರಕವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಪೊಳ್ಳು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಮೊದಲು ಯಾರಾದರೂ ಕುಳಿತು ಮರದಲ್ಲಿ ಆ ವಸ್ತುವನ್ನು ಕೆತ್ತಿರಬೇಕು. ಆ ಮರದ ತುಂಡೇ ಪ್ಯಾಟರ್ನ್. ಅದನ್ನು ಕೆತ್ತುವವರು ಅಪ್ಪ.

ಕಬ್ಬಿಣ ತಣಿಯುವಾಗ ಕುಗ್ಗುತ್ತದೆ, ನೂರಕ್ಕೆ ಸುಮಾರು ಒಂದರಂತೆ. ಆದ್ದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತ ಕೂರಲಾಗದು ಎಂದು ಇವರ ಬಳಿ ಬೇರೆಯೇ ಒಂದು ಸ್ಕೇಲು ಇರುತ್ತದೆ. ಅದರ ಗೆರೆಗಳೇ ತುಸು ದೂರ ದೂರ. ಏಳನೆಯ ತರಗತಿಯಲ್ಲಿ ನಾನು ಗೊತ್ತಿಲ್ಲದೆ ಆ ಸ್ಕೇಲನ್ನು ಶಾಲೆಗೆ ಒಯ್ದು ರೇಖಾಗಣಿತದ ಮನೆಪಾಠ ಮಾಡಿದ್ದೆ. ಹತ್ತು ಸೆಂಟಿಮೀಟರಿನ ಗೆರೆಗಳೆಲ್ಲ ಒಂದು ಮಿಲಿಮೀಟರ್ ಹೆಚ್ಚು. ಟೀಚರ್ ಕೆಂಪು ಶಾಯಿಯಲ್ಲಿ ಇಡೀ ಪುಟ ಹೊಡೆದುಹಾಕಿದರು. ಈಗ ನಾನೇ ಗಣಿತ ಕಲಿಸುತ್ತೇನೆ. ಒಂದೇ ಪ್ರಮಾಣದಲ್ಲಿ ತಪ್ಪುವ ವಿದ್ಯಾರ್ಥಿಯನ್ನು ಕಂಡರೆ ಕೆಂಪು ಪೆನ್ನು ಎತ್ತುವ ಮೊದಲು ಅವನ ಸ್ಕೇಲು ನೋಡುತ್ತೇನೆ.

ಪ್ಲಾಸ್ಟಿಕ್ಕೂ ಕುಗ್ಗುತ್ತದೆ. ಈ ಆಟಿಕೆಗಳ ಎಬಿಎಸ್ ಪ್ಲಾಸ್ಟಿಕ್ ನೂರು ಮಿಲಿಮೀಟರಿಗೆ ಸುಮಾರು ಅರ್ಧ ಮಿಲಿಮೀಟರ್ ಒಳಸರಿಯುತ್ತದೆ. ಕಂಪನಿ ತನ್ನ ಉಕ್ಕಿನ ಅಚ್ಚಿನಲ್ಲಿ ಆ ಲೆಕ್ಕವನ್ನು ಮೊದಲೇ ಸೇರಿಸಿರುತ್ತದೆ. ನಕಲಿ ಮಾಡುವವನ ಬಳಿ ಅಚ್ಚಿಲ್ಲ, ಅಂಗಡಿಯಲ್ಲಿ ಕೊಂಡ ಆಟಿಕೆ ಮಾತ್ರ ಇದೆ. ಅದರ ಮೇಲಿಂದ ಅವನು ಹೊಸ ಅಚ್ಚು ತೆಗೆಯುತ್ತಾನೆ. ಆಗಲೇ ಒಮ್ಮೆ ಕುಗ್ಗಿದ್ದು ಮತ್ತೊಮ್ಮೆ ಕುಗ್ಗುತ್ತದೆ. ಅಪ್ಪನ ಮಾತಿನ ಅರ್ಥ ಇಷ್ಟೇ: ಬೂದು ವಿಮಾನದ ತಾಯಿ ಅಚ್ಚು, ನೀಲಿ ವಿಮಾನದ ತಾಯಿ ಇನ್ನೊಂದು ವಿಮಾನ. ಅರ್ಧ ಬೆಲೆಗೆ ಸಿಕ್ಕಿತು ಎಂದು ಬೀಗಿದ್ದೆ. ಆನ್‌ಲೈನಿನಲ್ಲಿ ಮಾರಿದವನು ಪುಟದಲ್ಲಿ ‘ಮರುಬಿಡುಗಡೆ’ ಎಂದೇ ಬರೆದಿದ್ದ, ಅಂದರೆ ಕಂಪನಿಯೇ ಹಳೆಯ ಅಚ್ಚಿನಿಂದ ಮತ್ತೆ ಹೊಡೆದದ್ದು ಎಂದು. ಪೆಟ್ಟಿಗೆಯ ಮೇಲಿನ ಚಿತ್ರ, ಅಕ್ಷರ, ಒಳಗಿನ ಥರ್ಮೋಕೋಲು ಎಲ್ಲವೂ ಸರಿಯಿದ್ದವು. ಸುಳ್ಳು ಹೇಳಲು ಬಾರದೆ ಸಿಕ್ಕಿಬಿದ್ದದ್ದು ಆ ಒಂದು ಮಿಲಿಮೀಟರ್ ಮಾತ್ರ.

ಈ ಹುಚ್ಚು ನನಗೆ ಹತ್ತಿದ್ದು ನನ್ನದಲ್ಲದ ಆಟಿಕೆಯಿಂದ.

1987ರಲ್ಲಿ ಮಸ್ಕತ್‌ನಲ್ಲಿದ್ದ ಸೋದರಮಾವ ರಜೆಗೆ ಬಂದಾಗ ಅಣ್ಣನಿಗೆ ಒಂದು ಸ್ಟಾರ್‌ಸ್ಕ್ರೀಮ್ ತಂದಿದ್ದರು. ಅವನಿಗೆ ಒಂಬತ್ತು, ನನಗೆ ಏಳು. ನನಗೆ ಬಂದದ್ದು ಒಂದು ಜರಿಯ ಫ್ರಾಕು. ನಮ್ಮ ಗಲ್ಲಿಯಲ್ಲಿ ಆಟಿಕೆ ಎಂದರೆ ಗೋಕಾಕದ ಬಣ್ಣದ ಮರದ ಗೊಂಬೆ, ಮಣ್ಣೆತ್ತಿನ ಅಮಾವಾಸ್ಯೆಗೆ ನಾವೇ ಮಾಡಿದ ಎತ್ತು, ಪಂಚಮಿಗೆ ದಾರ ಪೋಣಿಸಿದ ಕೊಬ್ಬರಿ ಬಟ್ಟಲು. ಅವೆಲ್ಲ ತಾವು ಏನೋ ಅದೇ ಆಗಿದ್ದವು. ಎತ್ತು ಎತ್ತೇ. ಇದು ಮಾತ್ರ ಕಣ್ಣೆದುರೇ ವೇಷ ಬದಲಿಸುತ್ತಿತ್ತು. ಅಜ್ಜಿ ಅದನ್ನು ನೋಡಿದವಳೇ “ಹಗಲುವೇಷದವನು ಬಂದ” ಎಂದಳು. ಅಲ್ಲಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹಗಲುವೇಷವೇ ಆಯಿತು. ಮೈಗೆ ಅಂಟಿಸಿದ ಪುಟ್ಟ ಕಪ್ಪು ಚೌಕವನ್ನು ಹೆಬ್ಬೆರಳಿನಿಂದ ಉಜ್ಜಿದರೆ ಬಿಸಿಗೆ ಒಂದು ಮುಖ ಮೂಡುತ್ತಿತ್ತು. ಅಸಲಿಯ ಗುರುತಿಗಾಗಿ 1985ರಿಂದ ಕಂಪನಿ ಆ ಚೌಕ ಅಂಟಿಸುತ್ತಿತ್ತು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಅದು ಮೈಮೇಲೆ ದೇವರು ಬಂದ ಹಾಗೆ.

ನನಗೆ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ. ಆದರೆ ನನ್ನ ಬಳಿ ಬೇರೆ ಸರಕಿತ್ತು. ದೀಪಾವಳಿಯ ನಂತರ ಬರುವ ಗೌರಿ ಹುಣ್ಣಿಮೆಗೆ ನಮ್ಮ ಕಡೆಯ ಹೆಣ್ಣುಮಕ್ಕಳು ಸಕ್ಕರೆ ಆರತಿ ಒಯ್ಯುತ್ತಾರೆ. ಅಜ್ಜಿಯ ಮರದ ಅಚ್ಚುಗಳು ರಾತ್ರಿಯಿಡೀ ನೀರಿನಲ್ಲಿ ನೆನೆಯುತ್ತಿದ್ದವು. ನೆನೆಯದಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಬೆಳಗ್ಗೆ ಎರಡೂ ಹೋಳು ಜೋಡಿಸಿ ದಾರ ಸುತ್ತಿ, ಒದ್ದೆ ಬಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಹಾಲು ಹಾಕಿ ಹೊಲಸು ತೆಗೆದ ಪಾಕವನ್ನು ತಿರುವಿ ತಿರುವಿ ಬೆಳ್ಳಗಾದ ಕೂಡಲೇ ಸುರಿಯಬೇಕು. ಐದು ನಿಮಿಷಕ್ಕೆ ದಾರ ಬಿಚ್ಚಿದರೆ ಆನೆ. ಎರಡು ಹೋಳು ಕೂಡಿದ ಗೆರೆ ಆನೆಯ ಬೆನ್ನಿನ ಮೇಲೆ ಸೊಂಡಿಲಿನ ತುದಿಯವರೆಗೆ ಎದ್ದು ಕಾಣುತ್ತಿತ್ತು. ಆ ಆನೆಗಳು ನನ್ನವು. ಒಂದು ಆನೆಗೆ ಒಂದು ಗಂಟೆ ಹಗಲುವೇಷ, ಇದು ಅಣ್ಣನ ಜೊತೆಗಿನ ಒಪ್ಪಂದ. ತೇರಿಗೆ ಎರಡು ಗಂಟೆ ಕೇಳಿದ್ದೆ, ಅವನು ಒಪ್ಪಲಿಲ್ಲ. ತೇರಿನಲ್ಲಿ ಸಕ್ಕರೆ ಹೆಚ್ಚು ಎಂಬ ನನ್ನ ವಾದ ತೂಕದ ದೃಷ್ಟಿಯಿಂದ ಸರಿಯಾಗಿಯೇ ಇತ್ತು.

ಅಂಥದೊಂದು ಗಂಟೆಯಲ್ಲಿ, ನನ್ನ ಸುಪರ್ದಿಯಲ್ಲಿರುವಾಗಲೇ, ರೋಬೋಟಿನ ಬಲ ಮುಷ್ಟಿ ಕಳೆದುಹೋಯಿತು. ಈ ಆಟಿಕೆಯ ಮುಷ್ಟಿಗಳು ಬಿಡಿ ತುಂಡುಗಳು. ವಿಮಾನವಾಗಿದ್ದಾಗ ಅವಕ್ಕೆ ಜಾಗವಿಲ್ಲ, ತೆಗೆದು ಬೇರೆ ಇಡಬೇಕು. ಮಕ್ಕಳ ಮನೆಯಲ್ಲಿ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ತುಂಡನ್ನು ‘ಬೇರೆ ಇಡುವುದು’ ಎಂದರೆ ಏನಾಗುತ್ತದೆಯೋ ಅದೇ ಆಯಿತು. ಆಷಾಢದ ಮಳೆ, ಅಂಗಳದ ತುಂಬ ನೀರು, ಮೋರಿ. ಅಣ್ಣ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಅಪ್ಪ ಕೆಲಸದಿಂದ ಬಂದು ಅಂಗಿಯ ಜೇಬಿನಿಂದ ಒಂದು ಮುಷ್ಟಿ ತೆಗೆದರು. ತೇಗದ ಚೂರಿನಲ್ಲಿ ಕೆತ್ತಿದ್ದು, ಬೆರಳುಗಳ ನಡುವಿನ ಗೆರೆಗಳೂ ಇದ್ದವು, ಮೇಲೆ ಫೌಂಡ್ರಿಯಲ್ಲಿ ಪ್ಯಾಟರ್ನುಗಳಿಗೆ ಬಳಿಯುವ ಕೆಂಪು ಬಣ್ಣ. ಅಂದಿನಿಂದ ಸ್ಟಾರ್‌ಸ್ಕ್ರೀಮ್ ಒಂದು ಕೆಂಪು ಮರದ ಕೈಯಿಂದಲೇ ಯುದ್ಧ ಮಾಡಿದ.

ಆ ಆಟಿಕೆ ಆಮೇಲೆ ಏನಾಯಿತೋ ಯಾರಿಗೂ ನೆನಪಿಲ್ಲ. ಮನೆ ಬದಲಿಸುವಾಗ ಯಾರಿಗೋ ಕೊಟ್ಟಿರಬೇಕು.

ನಲವತ್ತು ದಾಟಿದ ಮೇಲೆ ನಾನು ನನ್ನದೇ ಸಂಬಳದಿಂದ ಮೊದಲ ಮರುಬಿಡುಗಡೆಯ ಸ್ಟಾರ್‌ಸ್ಕ್ರೀಮ್ ತರಿಸಿದಾಗ ಪುಣೆಯಿಂದ ಅಣ್ಣ ಫೋನಿನಲ್ಲಿ ನಕ್ಕ. “ಅದು ಈಗ ಹೊಡೆದದ್ದು. ನನ್ನದು ಅಸಲಿ ಆಗಿತ್ತು.” ಸಂಗ್ರಾಹಕರ ಲೋಕದಲ್ಲಿಯೂ ಇದೇ ಜಾತಿಪದ್ಧತಿ. ಎಂಬತ್ತರ ದಶಕದ್ದು ಮೇಲು, ಮರುಬಿಡುಗಡೆ ಕೀಳು, ನಕಲಿ ಹೊರಗೆ. ನಾನು ಅಣ್ಣನಿಗೆ ಹೇಳಿದ್ದು ಇಷ್ಟು: “ಅಸಲಿ ಎನ್ನುತ್ತೀಯಲ್ಲ, ಅದರ ಬಲಗೈ ಉದ್ಯಮಬಾಗಿನದು.”

ಹಾಗೆ ನೋಡಿದರೆ ಆ ಅಸಲಿಯೂ ಅಸಲಿಯೇನಲ್ಲ. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಆಟಿಕೆಗಳನ್ನು ಶುರುಮಾಡಿತು. ಆ ಕತೆಯಲ್ಲಿ ಈ ಕಾರು, ವಿಮಾನಗಳೆಲ್ಲ ಮನುಷ್ಯರು ಓಡಿಸುವ ಯಂತ್ರಗಳು. ಜೊತೆಗೆ ಕಾಲಲ್ಲಿ ಅಯಸ್ಕಾಂತವಿರುವ, ಒಂದಂಗುಲದ ಚಾಲಕ ಗೊಂಬೆಗಳೂ ಬರುತ್ತಿದ್ದವು. ಟಕಾರಾದ್ದೇ ಇನ್ನೊಂದು ಸಾಲು ಮೈಕ್ರೋಚೇಂಜ್. ಅದರಲ್ಲಿ ಮನೆಯ ಸಾಮಾನುಗಳೇ ರೋಬೋಟ್‌ಗಳಾಗುತ್ತಿದ್ದವು: ಕ್ಯಾಸೆಟ್ ಪ್ಲೇಯರ್, ಮೈಕ್ರೋಸ್ಕೋಪ್, ಪಿಸ್ತೂಲು. ಅಮೆರಿಕದ ಹಾಸ್ಬ್ರೊ ಕಂಪನಿ ಎರಡರಿಂದಲೂ ಆಟಿಕೆಗಳ ಹಕ್ಕು ಪಡೆದು ಒಂದೇ ಗುಂಪಾಗಿಸಿ ಟ್ರಾನ್ಸ್‌ಫಾರ್ಮರ್ಸ್ ಎಂದು ಹೆಸರಿಟ್ಟಿತು. ಮಾರ್ವೆಲ್ ಕಾಮಿಕ್ಸ್‌ನ ಸಂಪಾದಕ ಬಾಬ್ ಬುಡಿಯಾನ್ಸ್ಕಿ ಬಹುತೇಕ ಪಾತ್ರಗಳಿಗೆ ಹೆಸರು, ಸ್ವಭಾವ ಬರೆದುಕೊಟ್ಟರು. ಲಾರಿಯಾಗುವ ನಾಯಕನಿಗಿಟ್ಟ ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಮಾತ್ರ ಅಲ್ಲಿಯದೇ ಇನ್ನೊಬ್ಬ ಸಂಪಾದಕ ಡೆನಿಸ್ ಓ’ನೀಲ್ ಅವರದು. ಕತೆ ಬದಲಾಯಿತು. ಈಗ ಯಂತ್ರಗಳಿಗೇ ಜೀವ ಬಂದಿತ್ತು, ಚಾಲಕ ಬೇಕಿರಲಿಲ್ಲ. ಪುಟ್ಟ ಗೊಂಬೆಗಳನ್ನು ಕೈಬಿಟ್ಟರು. ಆದರೆ ಅಚ್ಚು ಹಾಗೆಯೇ ಉಳಿಯಿತು.

ನನ್ನ ಬೂದು ಜೆಟ್‌ನ ಗಾಜಿನ ಮುಚ್ಚಳ ಎತ್ತಿದರೆ ಒಳಗೆ ಒಂದು ಆಸನವಿದೆ, ಯಾರೂ ಕೂರದ ಆಸನ. ತನಗೆ ತಾನೇ ಮಾತಾಡುವ, ಒಡೆಯನ ವಿರುದ್ಧ ಸದಾ ಪಿತೂರಿ ಮಾಡುವ ಸ್ಟಾರ್‌ಸ್ಕ್ರೀಮ್‌ನ ಎದೆಯೊಳಗೆ ಒಂದು ಖಾಲಿ ಕುರ್ಚಿ. ಅದನ್ನು ತೋರಿಸಿದ ದಿನ ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ತಮ್ಮ ಕಾರ್ಖಾನೆಯ ಒಂದು ವಾಲ್ವಿನ ಕತೆ ಹೇಳಿದರು. ಅದರ ಮೈಮೇಲೆ ಒಂದು ಗುಬುಟು. ಹಿಂದೆ ಯಾವುದೋ ಗಿರಾಕಿಗೆ ಅಲ್ಲಿ ತೂತು ಕೊರೆದು ಮೀಟರ್ ಕೂರಿಸಬೇಕಿತ್ತಂತೆ. ಆ ಗಿರಾಕಿ ಹೋಗಿ ಎಷ್ಟೋ ಕಾಲವಾಗಿತ್ತು. ಗುಬುಟನ್ನು ತೆಗೆದರೆ ಪ್ಯಾಟರ್ನಿಗೆ ಮತ್ತೆ ಕೈ ಹಾಕಬೇಕು, ಖರ್ಚು. ಇಪ್ಪತ್ತು ವರ್ಷ ಪ್ರತಿ ವಾಲ್ವೂ ಆ ಗುಬುಟಿನ ಜೊತೆಗೇ ಹುಟ್ಟಿತು. “ಹೊಸ ಹುಡುಗರು ಕೇಳುತ್ತಿದ್ದರು, ಇದು ಯಾಕೆ ಎಂದು. ಇರಲಿ ಬಿಡು, ಅದು ಇರುತ್ತದೆ ಎನ್ನುತ್ತಿದ್ದೆ.”

ಫೌಂಡ್ರಿಯವರ ಲೆಕ್ಕದಲ್ಲಿ ಮೊದಲ ಎರಕಕ್ಕೆ ಬೆಲೆಯಿಲ್ಲ ಎಂಬುದು ನನಗೆ ಅಪ್ಪನಿಂದ ತಿಳಿದ ಸಂಗತಿ. ಮೊದಲನೆಯದು ಪರೀಕ್ಷೆಯದು, ಎಲ್ಲಿ ಗಾಳಿ ನಿಂತಿದೆ, ಎಲ್ಲಿ ಲೋಹ ತಲುಪಿಲ್ಲ ಎಂದು ನೋಡಲು ಅದನ್ನು ಕತ್ತರಿಸಿ ಹಾಕುತ್ತಾರೆ. ಐನೂರನೆಯದೂ ಐದು ಸಾವಿರದ್ದೂ ಒಂದೇ ಬೆಲೆಗೆ ಹೋಗುತ್ತವೆ. ಜೋಪಾನ ಮಾಡುವುದು ಪ್ಯಾಟರ್ನನ್ನು. ಅದಕ್ಕೆ ಬೇರೆ ಕೋಣೆ, ಬೀಗ, ಕ್ರಮಸಂಖ್ಯೆ. ‘ಎಂಬತ್ತರ ದಶಕದಲ್ಲಿ ಹೊಡೆದದ್ದೇ ಶ್ರೇಷ್ಠ’ ಎಂಬ ಸಂಗ್ರಾಹಕರ ಮಾತು ಅಪ್ಪನಿಗೆ ಅರ್ಥವೇ ಆಗುವುದಿಲ್ಲ. ಹಳೆಯ ಅಕ್ಕಿಯಂತೆ ಪ್ಲಾಸ್ಟಿಕ್ ರುಚಿ ಕಟ್ಟುತ್ತದೆಯೇ ಎಂದು ಕೇಳುತ್ತಾರೆ. ಕಟ್ಟುವುದಿಲ್ಲ, ಕೆಡುತ್ತದೆ. ಬಿಳಿ ಹಳದಿಯಾಗುತ್ತದೆ. ಹೊಳೆಯುವ ಚಿನ್ನದ ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಂತೂ ಕೆಲವು ದಶಕಗಳಲ್ಲಿ ಚಕ್ಕುಲಿಯಂತೆ ಮುರಿಯುತ್ತದೆ. ಹೀಗೆ ಪುಡಿಯಾದ ಹಳೆಯ ಆಟಿಕೆಗಳ ಚಿತ್ರ ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಣ್ಣನಿಗೆ ಮರುಬಿಡುಗಡೆ ಎಂದರೆ ಹಳೆಯದರ ಬದಲಿ. ನನಗೆ ಹಳೆಯದು ಎಂಬುದೇ ಇರಲಿಲ್ಲವಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಕ್ಕದ್ದನ್ನು ನನ್ನದು ಎನ್ನಲು ಬರುತ್ತದೆಯೇ? ನನ್ನ ಪಾಲಿಗೆ ಇದು ಮೊದಲ ಬಿಡುಗಡೆ.

ಮರುಬಿಡುಗಡೆಗಳ ಇತಿಹಾಸವೂ ಸರಳವಾಗಿಲ್ಲ. 2000ದ ಆಸುಪಾಸಿನಲ್ಲಿ ಜಪಾನಿನಲ್ಲಿ ಟಕಾರಾ ಹಳೆಯ ಅಚ್ಚುಗಳನ್ನು ಹೊರತೆಗೆಯಿತು. 2002ರಲ್ಲಿ ಅಮೆರಿಕದಲ್ಲಿಯೂ ಶುರುವಾಯಿತು. ಅಲ್ಲಿನ ಸುರಕ್ಷತೆಯ ನಿಯಮಕ್ಕಾಗಿ ಆಪ್ಟಿಮಸ್ ಪ್ರೈಮ್ ಲಾರಿಯ ಎರಡು ಹೊಗೆಕೊಳವೆಗಳನ್ನು ಗಿಡ್ಡ ಮಾಡಿದ್ದರು. ಕೊಂಬು ಕತ್ತರಿಸಿದ ಎತ್ತಿನ ಹಾಗೆ ಕಾಣುತ್ತದೆ ಅದು. ಪಿಸ್ತೂಲಾಗುವ ಮೆಗಾಟ್ರಾನ್‌ನದು ಇನ್ನೂ ದೊಡ್ಡ ಫಜೀತಿ; ನಿಜವಾದ ವಾಲ್ಥರ್ ಪಿಸ್ತೂಲನ್ನೇ ಹೋಲುವ ಆಟಿಕೆಯನ್ನು ಈಗ ಯಾವ ವಿಮಾನ ನಿಲ್ದಾಣದಲ್ಲಿ ತಾನೇ ನಗುತ್ತ ಬಿಡುತ್ತಾರೆ? 2006ರಲ್ಲಿ ಟಕಾರಾ ಮತ್ತು ಟೋಮಿ ಒಂದಾದವು, ಮರುವರ್ಷ ‘ಆಂಕೋರ್’ ಎಂಬ ಸಾಲು ಬಂತು. ಹಾಗೆಂದು ಎಲ್ಲರೂ ಮರಳಿ ಬಂದಿಲ್ಲ. ಕೆಲವು ಅಚ್ಚು ಕಳೆದುಹೋಗಿವೆ, ಕೆಲವನ್ನು ಬೇರೆ ಆಟಿಕೆಗಾಗಿ ತಿದ್ದಿಬಿಟ್ಟಿದ್ದಾರೆ. 1985ರ ಜೆಟ್‌ಫೈರ್ ಎಂಬ ದೊಡ್ಡ ಬಿಳಿ ವಿಮಾನದ ಕತೆಯೇ ಬೇರೆ. ಅದರ ಅಚ್ಚು ಟಕಾರಾದ್ದೇ ಅಲ್ಲ, ಟಕತೋಕು ಎಂಬ ಬೇರೆ ಕಂಪನಿಯದು. ಆ ಕಂಪನಿ ಮುಚ್ಚಿದ ಮೇಲೆ ಅದು ಟಕಾರಾದ ಪ್ರತಿಸ್ಪರ್ಧಿ ಬಂಡೈ ಕೈ ಸೇರಿತು.

ಇದು ನಮ್ಮ ಮನೆಯವರಿಗೆ ಚೆನ್ನಾಗಿ ಅರ್ಥವಾಗುವ ಸಂಕಟ. ಅಜ್ಜಿ ತೀರಿಕೊಂಡ ಮೇಲೆ ಹಿತ್ತಾಳೆ ಪಾತ್ರೆಗಳ ಜೊತೆ ಸಕ್ಕರೆ ಅಚ್ಚುಗಳೂ ಪಾಲಾದವು. ಆನೆ, ತೇರು, ಬಸವಣ್ಣ ನಮಗೆ. ಒಂಟೆ ಮತ್ತು ನವಿಲು ಗೋಕಾಕದ ಚಿಕ್ಕಮ್ಮನಿಗೆ. ಮೂವತ್ತು ವರ್ಷದಿಂದ ನಮ್ಮ ಮನೆಯ ಆರತಿಯಲ್ಲಿ ಒಂಟೆಯಿಲ್ಲ. ಕೇಳಿದರೆ ಚಿಕ್ಕಮ್ಮ ಕೊಡಲಾರದವಳೇನಲ್ಲ, ಆದರೆ ಕೇಳುವವರು ಯಾರು? ಜೆಟ್‌ಫೈರ್ ಯಾಕೆ ಹಳೆಯ ರೂಪದಲ್ಲಿ ಮತ್ತೆ ಬರಲಿಲ್ಲ ಎಂದು ಅಮ್ಮನಿಗೆ ವಿವರಿಸಲು ನನಗೆ ಅರ್ಧ ನಿಮಿಷ ಸಾಕಾಯಿತು. “ಗೋಕಾಕದ ಒಂಟೆ” ಎಂದೆ. ಅವಳು ತಲೆಯಾಡಿಸಿದಳು.

ಅಂದಹಾಗೆ ನಮ್ಮ ಆನೆಯ ಸೊಂಡಿಲು ಸೊಟ್ಟ. ಅಜ್ಜಿಯ ಕಾಲದಲ್ಲೇ ಅಚ್ಚಿನ ಒಂದು ಹೋಳು ಚಕ್ಕೆ ಎದ್ದಿತ್ತು, ಹಾಗಾಗಿ ಸೊಂಡಿಲಿನ ತುದಿಯಲ್ಲಿ ಒಂದು ಗಂಟು ಬರುತ್ತದೆ. ಅಂಥದೇ ಗುರುತುಗಳನ್ನು ಅಪ್ಪ ನನ್ನ ಬೂದು ಜೆಟ್‌ನ ಮೇಲೆ ಹುಡುಕಿ ಹುಡುಕಿ ತೆಗೆದರು. ಹೋಳುಗಳ ಗೆರೆ ಒಂದು ಕಡೆ ದಪ್ಪವಾಗಿದೆ, ಅಂದರೆ ಅಚ್ಚಿನ ಅಂಚು ಸವೆದು ಪ್ಲಾಸ್ಟಿಕ್ ಹೊರಗೆ ಇಣುಕಿದೆ. ರೆಕ್ಕೆಯ ಕೆಳಗೆ ಒಂದು ಮಸುಕು ಮಚ್ಚೆ. ಅಲ್ಲಿ ಯಾರೋ ಉಕ್ಕಿನ ಅಚ್ಚಿಗೆ ಬೆಸುಗೆ ಹಾಕಿ ಉಜ್ಜಿರಬೇಕು ಎಂಬುದು ಅವರ ತೀರ್ಮಾನ. ನನಗೆ ಕಂಡದ್ದು ಬರೀ ಮಚ್ಚೆ. ಅವರಿಗೆ ಅಲ್ಲಿ ಒಬ್ಬ ಮನುಷ್ಯ ಕಂಡ, ಕಾಲು ಚಾಚಿ ಕುಳಿತು ಕಲ್ಲಿನಿಂದ ಉಜ್ಜುತ್ತಿರುವವನು. “ಕೈ ಚೆನ್ನಾಗಿದೆ, ಆದರೆ ಅವಸರದಲ್ಲಿದ್ದ,” ಎಂದು ಸಮುದ್ರದಾಚೆಯ ಆ ಅಪರಿಚಿತನಿಗೆ ಅಂಕ ಕೊಟ್ಟರು. 1987ರ ಪೆಟ್ಟಿಗೆಯಲ್ಲಿ ಬಂದದ್ದರ ಮೇಲೆ ಬಹುಶಃ ಈ ಮಚ್ಚೆ ಇರಲಿಕ್ಕಿಲ್ಲ. ಮರುಬಿಡುಗಡೆಯ ಮೈಮೇಲೆ ಮೂಲದ್ದಕ್ಕಿಂತ ಹೆಚ್ಚು ಚರಿತ್ರೆಯಿದೆ.

ಈ ಕಾರಣಕ್ಕೇ ಇರಬೇಕು, 2024ರಲ್ಲಿ ನಲವತ್ತನೆಯ ವರ್ಷಕ್ಕೆ ಬಂದ ‘ಮಿಸ್ಸಿಂಗ್ ಲಿಂಕ್’ ಎಂಬ ಸಾಲು ನನಗೆ ರುಚಿಸಲಿಲ್ಲ. ಹಳೆಯ ಆಪ್ಟಿಮಸ್ ಪ್ರೈಮ್‌ನ ಚಹರೆಯನ್ನೇ ಉಳಿಸಿ, ಒಳಗೆ ಹೊಸ ಕೀಲುಗಳನ್ನು ಕೂರಿಸಿದ್ದಾರೆ. ಮೊಣಕಾಲು ಮಡಚುತ್ತದೆ. ಹಳೆಯ ರೋಬೋಟ್‌ಗಳೋ ಗರುಡಗಂಬದಂತೆ ನೆಟ್ಟಗೆ ನಿಲ್ಲುವವು. ತೋಳು ಮೇಲೆ ಕೆಳಗೆ ಆಡಿದರೆ ಅದೇ ಹೆಚ್ಚು. ಹೊಸದು ಜಾಣತನದ ಕೆಲಸ, ಒಪ್ಪುತ್ತೇನೆ. ಆದರೆ ಯಾರೋ ಬಂದು ಅಜ್ಜಿಯ ಆನೆಯ ಸೊಂಡಿಲನ್ನು ನೆಟ್ಟಗೆ ಮಾಡಿಕೊಟ್ಟ ಹಾಗೆ. ಧನ್ಯವಾದ ಹೇಳಬಹುದು, ಮನೆಗೆ ತರಲಾಗದು.

ತರುವುದೂ ಸುಲಭವಲ್ಲ. ಆಮದು ಆಟಿಕೆಗಳ ಮೇಲಿನ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ ಜಿಗಿಯಿತು. 2023ರಲ್ಲಿ ಶೇ 70 ಆಯಿತು. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನಮ್ಮಲ್ಲೇ ಆಟಿಕೆ ತಯಾರಾಗಲಿ ಎಂಬುದು ಉದ್ದೇಶ. ಅದೇ ವರ್ಷ ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿದ್ದಾಗ ಅಪ್ಪ ಪತ್ರಿಕೆಯ ತುಂಡನ್ನು ಕತ್ತರಿಸಿ ಇಟ್ಟುಕೊಂಡರು. ಅವರಿಗಿದ್ದ ಒಂದೇ ಪ್ರಶ್ನೆ: ಅಚ್ಚು ಯಾರು ಮಾಡುತ್ತಾರೆ? ನಮ್ಮ ಮಗ್ಗುಲಲ್ಲೇ ಇದಕ್ಕೊಂದು ಹಳೆಯ ಉದಾಹರಣೆಯಿದೆ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿನ ಕೊರ್ಲಿಂನಲ್ಲಿ ಫನ್‌ಸ್ಕೂಲ್ ಕಂಪನಿ ಹಾಸ್ಬ್ರೊದ ಅಚ್ಚುಗಳನ್ನು ತರಿಸಿಕೊಂಡು ಜಿ.ಐ. ಜೋ ಸೈನಿಕರನ್ನು ಮಾಡುತ್ತಿತ್ತು, ಅಮೆರಿಕದಲ್ಲಿ ಎಂದೂ ಕಾಣದ ಬಣ್ಣಗಳಲ್ಲಿ. ಆ ವಿಚಿತ್ರ ಬಣ್ಣದ ಭಾರತೀಯ ಸೈನಿಕರನ್ನು ಈಗ ಅಮೆರಿಕದ ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಖಡೇಬಜಾರಿನ ಅಂಗಡಿಗಳಲ್ಲಿ ಅವು ತೂಗಾಡುತ್ತಿದ್ದಾಗ ನಾವು ಮೂಗು ಮುರಿದು ಮುಂದೆ ಹೋಗುತ್ತಿದ್ದೆವು.

ಸುಂಕದ ಲೆಕ್ಕ ಹಾಕಿದ ಮೇಲೆ ನಾನು ಪರಿಚಯದವರ ಸೂಟ್‌ಕೇಸಿಗೆ ಶರಣಾಗಿದ್ದೇನೆ. ಓಸಾಕಾಕ್ಕೆ ಕೆಲಸದ ಮೇಲೆ ಹೋಗಿಬರುವ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನಿಗೆ ಪ್ರತಿ ಸಲ ಒಂದು ಕಿಲೋ ಕುಂದಾ ಕೊಟ್ಟು ಕಳಿಸುತ್ತೇನೆ, ಮರಳುವಾಗ ಅದೇ ಜಾಗದಲ್ಲಿ ಒಂದು ಪೆಟ್ಟಿಗೆ ಬರುತ್ತದೆ. ಆನೆಗೆ ಒಂದು ಗಂಟೆ ಎಂಬ ದರಕ್ಕಿಂತ ಇದು ದುಬಾರಿಯೇನಲ್ಲ. ಹೀಗೆ ಒಂಬತ್ತು ಬಂದಿವೆ. ಹೆಚ್ಚು ಬೇಡ ಎಂದು ನಿಶ್ಚಯಿಸಿದ್ದೇನೆ. ಈ ನಿಶ್ಚಯವನ್ನು ಆರು ಇದ್ದಾಗಲೂ ಮಾಡಿದ್ದೆ.

ಬೆಳಗಾವಿಯಲ್ಲಿ ಸಂಗ್ರಾಹಕರ ಶತ್ರು ಸುಂಕವಲ್ಲ, ಜೂನ್‌ನಿಂದ ಸೆಪ್ಟೆಂಬರ್. ಪೆಟ್ಟಿಗೆಯ ರಟ್ಟು ಹಪ್ಪಳದಂತೆ ಮೆತ್ತಗಾಗುತ್ತದೆ, ಸ್ಟಿಕ್ಕರಿನ ಮೂಲೆಗಳು ಏಳುತ್ತವೆ, ಲೋಹದ ಭಾಗಗಳ ಮೇಲೆ ಬಿಳಿ ಬೂಷ್ಟು. ಔಷಧಿ ಅಂಗಡಿಯವನಿಂದ ಸಿಲಿಕಾ ಪೊಟ್ಟಣಗಳನ್ನು ಬೇಡಿ ತಂದು ಕಪಾಟಿನಲ್ಲಿ ಇಡುತ್ತೇನೆ. ತಿಂಗಳಿಗೊಮ್ಮೆ ಹೊರತೆಗೆದು ಬಿಸಿಲು ಬಿದ್ದ ದಿನ, ಬಿಸಿಲಿಗಲ್ಲದೆ ಗಾಳಿಗೆ ಇಡುತ್ತೇನೆ. ಕೆಲಸದ ಹೆಂಗಸು ಮೊದಲು ದೇವರ ಮೂರ್ತಿಗಳೆಂದು ತಿಳಿದು ಕೈ ಮುಗಿದಿದ್ದಳು. ಈಗ ಅವಳೇ ಕ್ಯಾಸೆಟ್ ಪ್ಲೇಯರ್ ರೋಬೋಟಿನ ಎದೆ ತೆರೆದು ಒಳಗಿನ ಕ್ಯಾಸೆಟ್ ಹೊರತೆಗೆಯುತ್ತಾಳೆ. ನಮ್ಮ ಕಾಲೇಜಿನ ಮಕ್ಕಳಿಗೆ ಅದನ್ನು ತೋರಿಸಿದಾಗ ಒಬ್ಬ ಕೇಳಿದ: “ಮೇಡಂ, ರೋಬೋಟ್ ಗೊತ್ತಾಯಿತು. ಇದು ಏನಾಗಿ ಬದಲಾಗುತ್ತದೆ?” ವೇಷ ಕಳಚಿದವನನ್ನು ಬಲ್ಲ ಹುಡುಗನಿಗೆ ವೇಷದ ಗುರುತೇ ಇರಲಿಲ್ಲ.

ನಕಲಿ ನೀಲಿ ವಿಮಾನವನ್ನು ಎಸೆದಿಲ್ಲ. ಅಪ್ಪ ಅದನ್ನು ತಮ್ಮ ಪೆಟ್ಟಿಗೆಯಲ್ಲಿ, ಕುಗ್ಗಳತೆಯ ಸ್ಕೇಲಿನ ಪಕ್ಕ ಇಟ್ಟುಕೊಂಡಿದ್ದಾರೆ. ಫೌಂಡ್ರಿಯ ಹಳೆಯ ಗೆಳೆಯರು ಬಂದರೆ ಎರಡನ್ನೂ ತಂದು, ಯಾವುದು ಅಪ್ಪ, ಯಾವುದು ಮಗ ಎಂದು ಕೇಳುತ್ತಾರೆ. ಮುಟ್ಟಿ ನೋಡಿಯೇ ಹೇಳಿದವರು ಇಬ್ಬರಿದ್ದಾರೆ.

ಕಳೆದ ಗೌರಿ ಹುಣ್ಣಿಮೆಗೆ ಅಣ್ಣ ಮಗಳನ್ನು ಕರೆದುಕೊಂಡು ಬಂದಿದ್ದ. ಅವಳಿಗೆ ಆರತಿ ತಟ್ಟೆ ಹಿಡಿಯುವ ಮೊದಲ ವರ್ಷ. ಅಡುಗೆಮನೆಯಲ್ಲಿ ಅಮ್ಮ ಮತ್ತು ನಾನು ಪಾಕ ತಿರುವುತ್ತಿದ್ದೆವು. ಹೊರಗಿನ ಕೋಣೆಯಲ್ಲಿ ಅಣ್ಣ ಯಾರೊಡನೆಯೋ ಫೋನಿನಲ್ಲಿ ಕೆಲಸದ ಮಾತಾಡುತ್ತ ಕಪಾಟಿನಿಂದ ಬೂದು ಜೆಟ್ ಎತ್ತಿಕೊಂಡ. ಫೋನು ಭುಜಕ್ಕೂ ಕಿವಿಗೂ ನಡುವೆ. ಕಣ್ಣು ಕಿಟಕಿಯ ಆಚೆ. ಕೈಗಳು ಮಾತ್ರ ತಮ್ಮ ಪಾಡಿಗೆ ತಾವು ಗಾಲಿ ಕಿತ್ತವು, ಮೂತಿ ಮಡಚಿದವು, ಬಾಲ ಸೀಳಿ ಕಾಲು ಮಾಡಿದವು. ಮೂವತ್ತೆಂಟು ವರ್ಷಗಳ ಮೇಲೆ, ಒಮ್ಮೆಯೂ ಕೆಳಗೆ ನೋಡದೆ. ಎಡ ಮುಷ್ಟಿ ಹಾಕಿದ. ಬಲ ಮುಷ್ಟಿ ಹಾಕುವಾಗ ಕೈ ನಿಂತಿತು. ಫೋನು ಕೆಳಗಿಟ್ಟು ಅದನ್ನು ಒತ್ತಿದ, ಇನ್ನಷ್ಟು ಒತ್ತಿದ.

“ಇದು ಬಹಳ ಬಿಗಿ,” ಎಂದ. “ಅಪ್ಪ ಮಾಡಿದ್ದು ತಾನಾಗಿಯೇ ಕೂರುತ್ತಿತ್ತು. ಆಮೇಲಾಮೇಲೆ ಬಿದ್ದೂ ಹೋಗುತ್ತಿತ್ತು.”

ಪತ್ರಿಕೆಯಿಂದ ತಲೆ ಎತ್ತದೆ ಅಪ್ಪ ಹೇಳಿದರು: “ಅದು ಮಳೆಗಾಲದಲ್ಲಿ ಮಾಡಿದ್ದು. ಮರ ಉಬ್ಬಿತ್ತು.”